ನಾರು, ಅಕ್ಕಿ ಮತ್ತು ಹಾಯಿದೋಣಿ

ಅತ್ತಾವರದ ನಿವಾಸಿಗಳಿಗೆ ಮಂಗಳೂರಿನ ಹಳೆ ಬಂದರು ದೂರದ್ದೇನಲ್ಲ. ರೈಲು ನಿಲ್ದಾಣವನ್ನು ದಾಟಿ ಬಂದರಿನತ್ತ ಸ್ವಲ್ಪ ಹೊತ್ತು ನಡೆದರೆ ದಕ್ಕೆ ಸಿಗುತ್ತದೆ. ಮಳೆಗಾಲವೊಂದನ್ನು ಬಿಟ್ಟರೆ ಅಲ್ಲಿ ಇಂದಿಗೂ ಮರದ ಮಂಜಿಗಳು ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿಗಳನ್ನು ತುಂಬಿಕೊಳ್ಳುತ್ತವೆ. ಈಗ ಅವು ಯಂತ್ರದ ಬಲದಿಂದ ಸಾಗುತ್ತವೆ, ಹಾಯಿಯ ಕಾಲ ಮುಗಿದಿದೆ. ದಕ್ಕೆಯಲ್ಲಿ ನಿಂತು ನೋಡುವವರಿಗೆ ಇದು ಮಾಮೂಲಿ ವ್ಯಾಪಾರ. ಆದರೆ ಆ ದ್ವೀಪಗಳಲ್ಲಿ ಐದು ಒಂದೂವರೆ ಶತಮಾನಕ್ಕೂ ಮಿಕ್ಕಿ ನಮ್ಮ ಜಿಲ್ಲೆಯ ಆಡಳಿತಕ್ಕೇ ಸೇರಿದ್ದವು ಎಂಬುದು ನಗರದ ನೆನಪಿನಿಂದ ಬಹುಮಟ್ಟಿಗೆ ಅಳಿಸಿಹೋಗಿದೆ.

ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್ ಮತ್ತು ಬಿತ್ರ ಇವೇ ಆ ಅಮಿನಿದೀವಿ ದ್ವೀಪಗಳು. ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಿಂದ ಬೇಸತ್ತ ದ್ವೀಪವಾಸಿಗಳು ಟಿಪ್ಪು ಸುಲ್ತಾನನ ಮೊರೆಹೊಕ್ಕರು. 1787ರಲ್ಲಿ ದ್ವೀಪಗಳು ಅವನ ವಶವಾದವು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಈಸ್ಟ್ ಇಂಡಿಯಾ ಕಂಪನಿಗೆ ಸೇರಿ, ಮಂಗಳೂರಿನ ಕಲೆಕ್ಟರರ ಅಧೀನಕ್ಕೆ ಬಂದವು. ಅಮಿನಿಯಿಂದ ಮಂಗಳೂರಿಗೆ ಸುಮಾರು 300 ಕಿ.ಮೀ. ಈ ತೆರೆದ ಕಡಲನ್ನು ದಾಟಲು ಇದ್ದ ಸಾಧನವೆಂದರೆ ದ್ವೀಪದವರು ಓಡಂ ಎಂದು ಕರೆಯುವ ಮರದ ಹಾಯಿದೋಣಿ.

ಹಲಗೆಗಳನ್ನು ಮೊಳೆಯಿಂದ ಜೋಡಿಸದೆ ತೆಂಗಿನ ನಾರಿನ ಹುರಿಯಿಂದ ಹೊಲಿದು ದೋಣಿ ಕಟ್ಟುವುದು ಅರಬ್ಬೀ ಸಮುದ್ರದ ಬಹು ಹಳೆಯ ಪದ್ಧತಿ. ಹದಿನಾಲ್ಕನೆಯ ಶತಮಾನದಲ್ಲಿ ಮಂಗಳೂರಿಗೂ ಬಂದಿದ್ದ ಇಬ್ನ್ ಬತೂತ ಈ ಹುರಿಯನ್ನೂ ಹೊಲಿದ ಹಡಗುಗಳನ್ನೂ ಉಲ್ಲೇಖಿಸಿದ್ದಾನೆ. ದ್ವೀಪದ ಓಡಂಗಳೂ ಇದೇ ಕುಲದವು. ದೋಣಿಯನ್ನು ಕಟ್ಟಿದ್ದು ನಾರು, ದೋಣಿ ಹೊತ್ತು ತಂದ ಸರಕೂ ನಾರು! ದೊಡ್ಡ ದೋಣಿಗಳ ಒಡೆತನ ಭೂಮಾಲೀಕರಾದ ಕೋಯಾ ಕುಟುಂಬಗಳದ್ದು, ದಾರಿ ಬಲ್ಲವರು ಮಾಲ್ಮಿಗಳು. ನಕ್ಷತ್ರಗಳ ಎತ್ತರದಿಂದ ದಿಕ್ಕನ್ನೂ ನೆಲೆಯನ್ನೂ ಗುರುತಿಸುವ ವಿದ್ಯೆಯನ್ನು ಅವರು ರಹ್ಮಾನಿ ಎಂಬ ಕೈಬರಹದ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡಿದ್ದರು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನ್ನನ್ನು ಹೆಚ್ಚು ಸೆಳೆಯುವುದು ದೋಣಿಯ ಸೌಂದರ್ಯಕ್ಕಿಂತ ಅದರ ಲೆಕ್ಕಾಚಾರ. ನಾರಿನ ಖರೀದಿ ಸರ್ಕಾರದ ಏಕಸ್ವಾಮ್ಯವಾಗಿತ್ತು. ದ್ವೀಪದ ಹೆಂಗಸರು ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ನೆನೆಸಿ, ಬಡಿದು, ಹೊಸೆದ ಹುರಿಯನ್ನು ಮಂಗಳೂರಿಗೆ ತಂದು ಸರ್ಕಾರಕ್ಕೇ ಒಪ್ಪಿಸಬೇಕಿತ್ತು. ಪ್ರತಿಯಾಗಿ ಸಿಗುತ್ತಿದ್ದುದು ಅಕ್ಕಿ ಮತ್ತು ಒಂದಿಷ್ಟು ನಗದು. ಬೆಲೆ ನಿಗದಿ ಮಾಡುವವನೇ ಕೊಳ್ಳುವವನೂ ಆದಾಗ ಮಾರುವವನಿಗೆ ಉಳಿಯುವ ಆಯ್ಕೆ ಯಾವುದು? ಸರಕನ್ನು ಬೇರೆಡೆ ಒಯ್ಯುವ ದೋಣಿ ಅವನಲ್ಲಿತ್ತು, ಒಯ್ಯುವ ಸ್ವಾತಂತ್ರ್ಯವಿರಲಿಲ್ಲ. ನ್ಯಾಯವಾಗಿ ಹೇಳುವುದಾದರೆ, ಭತ್ತ ಬೆಳೆಯದ ಹವಳದ ನೆಲಕ್ಕೆ ಈ ವ್ಯವಸ್ಥೆ ಅಕ್ಕಿಯ ಭರವಸೆಯನ್ನೂ ಕೊಟ್ಟಿತು. ಆದರೆ ಕಂದಾಯ ಇಲಾಖೆಯ ಭಾಷೆಯಲ್ಲಿ ‘ವಿನಿಮಯ’ ಎನಿಸಿಕೊಂಡದ್ದು ವಾಸ್ತವದಲ್ಲಿ ತೆರಿಗೆಯೇ ಆಗಿತ್ತೆಂಬುದು ನನ್ನ ಅಭಿಪ್ರಾಯ.

ಮಂಗಳೂರಿನ ಅಳಿವೆಯೂ ಹಾಯಿದೋಣಿಗಳಿಗೆ ಒಂದು ರೀತಿಯ ರಕ್ಷಣೆ ನೀಡಿತು. ಮರಳ ದಿಬ್ಬಗಳು ಸ್ಥಳ ಬದಲಿಸುತ್ತಿದ್ದ ಆ ಕಡಲಬಾಯಿಯೊಳಗೆ ದೊಡ್ಡ ಉಗಿಹಡಗುಗಳು ಬರಲಾರದೆ ಹೊರಗಡಲಲ್ಲೇ ಲಂಗರು ಹಾಕುತ್ತಿದ್ದವು. ಸಣ್ಣ ದೋಣಿಗಳೋ ನೇರವಾಗಿ ಗುರುಪುರ ನದಿಯ ದಡಕ್ಕೇ ಬರುತ್ತಿದ್ದವು. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ನದಿಯ ಆವೆಮಣ್ಣು ಬಂದದ್ದು ದೋಣಿಯಲ್ಲಿ. ಅತ್ತಾವರದ ಹಳೆಯ ಮನೆಗಳ ಮಾಡಿನ ಮೇಲೆ ಅಳಿದುಳಿದಿರುವ ಹಂಚುಗಳನ್ನು ಕಂಡಾಗ ಈ ಜಲಮಾರ್ಗ ನೆನಪಾಗುತ್ತದೆ. 1907ರಲ್ಲಿ ರೈಲು ಬಂತು, 1975ರಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಉದ್ಘಾಟನೆಯಾಯಿತು. ನಗರ ನಿಧಾನವಾಗಿ ನದಿಗೆ ಬೆನ್ನು ಹಾಕಿತು.

ದ್ವೀಪಗಳ ಸಂಬಂಧ ಕಡಿದದ್ದು ಮಾತ್ರ ಒಂದೇ ದಿನದಲ್ಲಿ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ, ಕಾಸರಗೋಡು ಕೇರಳಕ್ಕೆ, ಅಮಿನಿದೀವಿಗಳು ಹೊಸ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ಕಾಸರಗೋಡಿಗಾಗಿ ನಾವು ಇಂದಿಗೂ ಮರುಗುತ್ತೇವೆ, ಅದು ಸಹಜ. ದ್ವೀಪಗಳಿಗಾಗಿ ಯಾರೂ ನಿಟ್ಟುಸಿರಿಟ್ಟದ್ದು ನನಗೆ ನೆನಪಿಲ್ಲ. ಅಲ್ಲಿಯವರ ಭಾಷೆ ಮಲಯಾಳದ ಉಪಭಾಷೆ, ಆದ್ದರಿಂದ ಭಾಷಾಭಿಮಾನದ ಲೆಕ್ಕದಲ್ಲಿ ಅವರು ಬರಲೇ ಇಲ್ಲ. ಆದರೆ ಅವರ ಊಟದ ಅಕ್ಕಿ, ಕಚೇರಿಯ ಅಹವಾಲು ಎಲ್ಲಕ್ಕೂ ಕಡಲು ದಾಟಿ ಬರಬೇಕಿದ್ದುದು ನಮ್ಮೂರಿಗೇ.

ಹಾಯಿಯ ವಿದ್ಯೆಯನ್ನು ಕಣ್ಣಾರೆ ಕಂಡ ಹಿರಿಯರು ಬಂದರಿನಲ್ಲಿಯೂ ದ್ವೀಪಗಳಲ್ಲಿಯೂ ವಿರಳವಾಗುತ್ತಿದ್ದಾರೆ. ಹಳೆ ಬಂದರಿನ ಅಭಿವೃದ್ಧಿಯ ಮಾತು ಬಂದಾಗಲೆಲ್ಲ ದಕ್ಕೆಯ ಉದ್ದ, ಹೂಳೆತ್ತುವ ಖರ್ಚುಗಳೇ ಚರ್ಚೆಯಾಗುತ್ತವೆ, ಅವೂ ಅಗತ್ಯವೇ. ಅದೇ ಅಂದಾಜುಪಟ್ಟಿಯಲ್ಲಿ ಒಂದು ಓಡವನ್ನು ಹುರಿಯಿಂದ ಹೊಲಿಸಿ, ಹಾಯಿ ಕಟ್ಟಿಸಿ ದಡದಲ್ಲಿ ನಿಲ್ಲಿಸಲು, ಆ ಹಿರಿಯರ ಮಾತುಗಳನ್ನು ಅವರದೇ ಭಾಷೆಯಲ್ಲಿ ದಾಖಲಿಸಲು ಒಂದು ಸಾಲನ್ನು ಸೇರಿಸಬೇಕು. ಈ ಕೆಲಸವನ್ನು ಕಡತಗಳ ಸಾಮಾನ್ಯ ವೇಗಕ್ಕೆ ಬಿಟ್ಟರೆ, ಮಂಜೂರಾತಿ ಬರುವ ಹೊತ್ತಿಗೆ ಹೇಳುವವರು ಇರುವುದಿಲ್ಲ.