ದಾದಿಯರ ಶಿಕ್ಷಣವೂ ದವಾಖಾನೆಯ ಶುಚಿತ್ವವೂ

ಕಳೆದ ವರ್ಷದ ಮಳೆಗಾಲದಲ್ಲಿ ನಮ್ಮ ಅಣ್ಣನವರ ಕಾಲಿನ ಹುಣ್ಣಿನ ಚಿಕಿತ್ಸೆಗಾಗಿ ಜಿಲ್ಲಾಸ್ಥಳವೊಂದರ ದೊಡ್ಡ ದವಾಖಾನೆಯಲ್ಲಿ ನಾವು ಹನ್ನೊಂದು ದಿವಸ ತಂಗಬೇಕಾಗಿ ಬಂದಿತು. ಅಣ್ಣನವರಿಗೆ ಬಹುಕಾಲದಿಂದ ಸಿಹಿಮೂತ್ರದ ವ್ಯಾಧಿಯಿದೆ. ಆ ವ್ಯಾಧಿಯುಳ್ಳವರ ಕಾಲಿನ ಹುಣ್ಣು ಎಷ್ಟು ನಿಧಾನವಾಗಿ ಮಾಯುವುದೆಂಬುದನ್ನೂ, ಅದಕ್ಕೆ ಶುಚಿತ್ವವೇ ಅರ್ಧ ಔಷಧವೆಂಬುದನ್ನೂ ವಾಚಕರಿಗೆ ಹೇಳಬೇಕಾಗಿಲ್ಲ. ಆ ದವಾಖಾನೆಗೆ ಹೊಂದಿಕೊಂಡೇ ದಾದಿಯರ ಶಿಕ್ಷಣಶಾಲೆಯೊಂದಿದ್ದು, ಅಲ್ಲಿಯ ವಿದ್ಯಾರ್ಥಿನಿಯರು ಪ್ರತಿದಿವಸವೂ ಬೆಳಿಗ್ಗೆ ತಂಡತಂಡವಾಗಿ ವಾರ್ಡುಗಳಿಗೆ ಬರುತ್ತಾರೆ. ಊರಿನ ಹೆಸರನ್ನು ನಾವು ಇಲ್ಲಿ ಬರೆಯುವುದಿಲ್ಲ. ಬರೆದರೆ ಉಳಿದ ಊರಿನವರೆಲ್ಲರೂ ಇದು ತಮಗೆ ಸಂಬಂಧಪಟ್ಟ ಮಾತಲ್ಲವೆಂದು ನಿಶ್ಚಿಂತರಾಗುವ ಸಂಭವವುಂಟು.

ರೋಗಿಯ ಮಗ್ಗುಲಲ್ಲಿ ಸುಮ್ಮನೆ ಕುಳಿತವನಿಗೆ ನೋಡುವುದರ ಹೊರತು ಬೇರೆ ಉದ್ಯೋಗವಿಲ್ಲ. ಮೊದಲನೆಯ ದಿನ ನಾವು ನೋಡಿದ್ದು ಕೈಗವಸುಗಳನ್ನು. ಹುಣ್ಣು ತೊಳೆದು ಪಟ್ಟಿ ಕಟ್ಟುವವರು ಬಾಗಿಲ ಬಳಿಯ ಹಾಸಿಗೆಯಿಂದ ಪ್ರಾರಂಭಿಸಿ, ಒಂದೇ ಜೊತೆ ಕೈಗವಸಿನಲ್ಲಿ ಆರು ರೋಗಿಗಳ ಗಾಯಗಳನ್ನು ಮುಗಿಸಿ ಏಳನೆಯವರಾದ ನಮ್ಮ ಅಣ್ಣನವರ ಬಳಿಗೆ ಬಂದರು. ಕೈಗವಸು ತೊಟ್ಟವರ ಕೈ ಶುಚಿಯಾಗಿಯೇ ಇದ್ದಿತು, ಸಂದೇಹವಿಲ್ಲ. ನಡುವೆ ಇಕ್ಕಳವು ಕೈಜಾರಿ ನೆಲಕ್ಕೆ ಬಿದ್ದಿತು. ಅದನ್ನು ಎತ್ತಿ, ಸ್ಪಿರಿಟು ಹಚ್ಚಿದ ಹತ್ತಿಯಿಂದ ಒಮ್ಮೆ ಒರೆಸಿ, ಶುದ್ಧೀಕರಿಸಿದ ಉಪಕರಣಗಳ ತಟ್ಟೆಯಲ್ಲಿಯೇ ಮರಳಿ ಇಟ್ಟರು. ಇದನ್ನೆಲ್ಲ ನಾಲ್ವರು ವಿದ್ಯಾರ್ಥಿನಿಯರು ಸುತ್ತಲೂ ನಿಂತು, ಕೈಯಲ್ಲಿ ಟಿಪ್ಪಣಿ ಪುಸ್ತಕ ಹಿಡಿದು, ಬಹು ಶ್ರದ್ಧೆಯಿಂದ ನೋಡುತ್ತಿದ್ದರು. ನಮ್ಮನ್ನು ಕಳವಳಗೊಳಿಸಿದ್ದು ಇಕ್ಕಳಕ್ಕಿಂತ ಹೆಚ್ಚಾಗಿ ಆ ಶ್ರದ್ಧೆ.

ಗೋಡೆಯ ಮೇಲೆ ಕೈ ತೊಳೆಯುವ ವಿಧಾನವನ್ನು ತೋರಿಸುವ ಬಣ್ಣದ ಚಿತ್ರವಿದ್ದಿತು. ಕೆಳಗೆ ನಲ್ಲಿಯೂ ಇದ್ದಿತು. ಮೂರನೆಯ ದಿನ ನಾವು ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳನ್ನು ಕೇಳಿದೆವು: "ಯಾಕವ್ವಾ ತಂಗಿ, ಕೈ ತೊಳಕೊಳ್ಳಾಕ ನೀರು ಬರೂದಿಲ್ಲೇನು?" ಆಕೆ ಅತ್ತಿತ್ತ ನೋಡಿ, "ನೀರು ಬರ್ತಾವ್ರೀ ಕಾಕಾರ, ಸಾಬಾಣ ಇಲ್ರಿ. ಸ್ಟೋರಿನ್ಯಾಗ ಐತಿ, ಕೀಲಿ ಹಾಕ್ಯಾರ" ಎಂದಳು.

ಈ ಹುಡುಗಿ ಹಳ್ಳಿಯ ಒಕ್ಕಲು ಮನೆತನದವಳು. ಹೊಲವನ್ನು ಒತ್ತೆಯಿಟ್ಟು ತಂದೆ ಮೂರು ವರ್ಷದ ಶಿಕ್ಷಣಕ್ಕೆ ಕಳುಹಿಸಿದ್ದಾನೆ. ಸರ್ಟಿಫಿಕೇಟುಗಳ ಮೂಲಪ್ರತಿಗಳೆಲ್ಲ ಶಾಲೆಯವರ ಕಪಾಟಿನಲ್ಲಿವೆ. ಆಕೆ ನಮ್ಮೊಡನೆ ಸಲಿಗೆಯಿಂದ ಮಾತನಾಡತೊಡಗಿದ ಮೇಲೆ ತಿಳಿದ ಸಂಗತಿಗಳು ನಾವು ಕಣ್ಣಾರೆ ಕಂಡವುಗಳಿಗಿಂತ ಹೆಚ್ಚಿನವು. ಮೊದಲನೆಯ ವರ್ಷದಲ್ಲಿ, ಚುಚ್ಚಿದ ಸೂಜಿಗೆ ಎರಡೂ ಕೈಗಳಿಂದ ಮುಚ್ಚಳ ಹಾಕುವಂತೆ ಹಿರಿಯ ದಾದಿಯೊಬ್ಬರು ಹೇಳಿ, ಹಾಗೆ ಮಾಡುವಾಗ ಸೂಜಿಯು ಆಕೆಯ ಬೆರಳಿಗೆ ನೆಟ್ಟಿತು. ಬಳಸಿದ ಸೂಜಿಗೆ ಹಾಗೆ ಮುಚ್ಚಳ ಹಾಕಬಾರದು, ಚುಚ್ಚಿದೊಡನೆ ಅದನ್ನು ಗಡುಸಾದ ಬಿಳಿಯ ಡಬ್ಬಿಗೆ ಹಾಕತಕ್ಕದ್ದೆಂದು ಆಕೆಯ ಪಠ್ಯಪುಸ್ತಕದಲ್ಲಿಯೇ ಇದೆ. ಸೂಜಿ ಯಾವ ರೋಗಿಗೆ ಚುಚ್ಚಿದ್ದೆಂದು ಯಾರೂ ವಿಚಾರಿಸಲಿಲ್ಲ, ರಕ್ತಪರೀಕ್ಷೆ ಮಾಡಿಸಲಿಲ್ಲ. ಬೆರಳು ಹಿಂಡಿ ತೊಳೆದುಕೋ ಎಂದರಂತೆ. ಆರು ತಿಂಗಳು ಆಕೆ ಮನೆಯವರಿಗೂ ಹೇಳದೆ ಹೆದರಿಕೊಂಡೇ ಇದ್ದಳು.

ಮತ್ತೊಂದು ಸಂಗತಿ. ಕೈಗವಸನ್ನು ಬದಲಿಸಬಾರದೇಕೆಂದು ಆಕೆ ಒಮ್ಮೆ ಕೇಳಿದ್ದಳಂತೆ. "ಪುಸ್ತಕದಾಗಿಂದು ಪರೀಕ್ಷೆಕ್ಕಿರಲಿ, ಇಲ್ಲಿ ಕೆಲಸ ನೋಡವ್ವಾ" ಎಂಬ ಉತ್ತರ ಬಂದಿತು. ಉತ್ತರ ಅಲ್ಲಿಗೇ ಮುಗಿಯಲಿಲ್ಲ. ಮುಂದಿನ ಎರಡು ವಾರ ಆಕೆಗೆ ರಾತ್ರಿಪಾಳಿ ಬಿದ್ದಿತು. ಪ್ರಾಯೋಗಿಕ ಕೆಲಸದ ದಾಖಲೆ ಪುಸ್ತಕಕ್ಕೆ ಮೂರು ವಾರಗಳವರೆಗೆ ಸಹಿ ಬೀಳಲಿಲ್ಲ. ಆ ಸಹಿಯಿಲ್ಲದೆ ಪರೀಕ್ಷೆಗೆ ಕೂಡುವಂತಿಲ್ಲ. ಅನಂತರ ಆಕೆ ಏನನ್ನೂ ಕೇಳಲಿಲ್ಲ.

ಹೊಲಸಾದ ಹಾಸಿಗೆಯಲ್ಲಿ ಮಧ್ಯಾಹ್ನದವರೆಗೆ ಬಿದ್ದಿದ್ದ ಮುದುಕನೊಬ್ಬನನ್ನು ಎಲ್ಲರೆದುರಿಗೆ ಗದರಿಸಿದ್ದು, ರಾತ್ರಿ ನರಳುತ್ತಿದ್ದವನನ್ನು ಬಿಟ್ಟು ದೂರವಾಣಿಯಲ್ಲಿ ಚಿತ್ರ ನೋಡುತ್ತ ಕುಳಿತದ್ದು, ಬೇರೆಬೇರೆ ಬಣ್ಣದ ಚೀಲಗಳಿದ್ದರೂ ಕಸವನ್ನೆಲ್ಲ ಹತ್ತಿರದ ಚೀಲಕ್ಕೆ ಎಸೆದದ್ದು, ಇಂಥವನ್ನು ವಿವರಿಸಹೊರಟರೆ ಈ ಅಂಕಣವು ಸಾಲದು. ಉಷ್ಣಮಾನದ ವಿಷಯವನ್ನು ಮಾತ್ರ ಹೇಳುತ್ತೇವೆ. ಒಂದು ಸಂಜೆ ರೋಗಿಗಳ ಪಟ್ಟಿಕೆಗಳನ್ನು ನಾವು ಕುತೂಹಲದಿಂದ ನೋಡಿದಾಗ ನಮ್ಮ ಸಾಲಿನ ಹದಿನಾಲ್ಕು ಜನರ ಉಷ್ಣಮಾನವೂ 98.4 ಎಂದೇ ಇದ್ದಿತು. ಆ ಹದಿನಾಲ್ವರಲ್ಲಿ ಒಬ್ಬನು ಚಳಿಜ್ವರದಿಂದ ಹಲ್ಲು ಕಡಿಯುತ್ತ ಎರಡು ಕಂಬಳಿ ಹೊದ್ದಿದ್ದನು!

ಕಲಿಕೆಯ ದವಾಖಾನೆಯಲ್ಲಿ ಕಲಿಸಲ್ಪಡುವುದು ಏನು ಎಂಬ ಪ್ರಶ್ನೆ ಹೊಸದಲ್ಲ. 1840ರ ದಶಕದಲ್ಲಿ ವಿಯೆನ್ನಾ ನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆಯ ವಿಭಾಗಗಳಿದ್ದವು. ಎರಡೂ ಶಿಕ್ಷಣದ ವಿಭಾಗಗಳೇ. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸೂಲಗಿತ್ತಿಯರೂ ತರಬೇತಿ ಹೊಂದುತ್ತಿದ್ದರು. ಬಾಣಂತಿ ನಂಜಿನಿಂದ ಮೊದಲನೆಯದರಲ್ಲಿ ನೂರಕ್ಕೆ ಸುಮಾರು ಹತ್ತು ತಾಯಂದಿರು ಸಾಯುತ್ತಿದ್ದರೆ ಎರಡನೆಯದರಲ್ಲಿ ಸುಮಾರು ನಾಲ್ವರು ಮಾತ್ರ. ಊರಿನ ಬಡ ಹೆಂಗಸರಿಗೆ ಈ ಲೆಕ್ಕ ವೈದ್ಯರಿಗಿಂತ ಮೊದಲೇ ತಿಳಿದಿದ್ದಿತು. ಮೊದಲನೆಯ ವಿಭಾಗಕ್ಕೆ ಸೇರಿಸಬೇಡಿರೆಂದು ಅವರು ಮೊಣಕಾಲೂರಿ ಬೇಡುತ್ತಿದ್ದರು. ಅಲ್ಲಿಯ ಸಹಾಯಕ ವೈದ್ಯನಾಗಿದ್ದ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬಾತನು ಕಾರಣಕ್ಕಾಗಿ ಹುಡುಕಿ ಬಳಲಿದನು. 1847ರಲ್ಲಿ ಅವನ ಸ್ನೇಹಿತ ಕೊಲ್ಲೆಚ್ಕಾ ಎಂಬ ವೈದ್ಯನು, ಶವಪರೀಕ್ಷೆಯ ವೇಳೆಯಲ್ಲಿ ವಿದ್ಯಾರ್ಥಿಯೊಬ್ಬನ ಚಾಕು ಬೆರಳಿಗೆ ತಗುಲಿ ಅದೇ ಬಗೆಯ ನಂಜಿನಿಂದ ತೀರಿಕೊಂಡನು. ಸೆಮ್ಮೆಲ್‌ವೈಸನಿಗೆ ಆಗ ಹೊಳೆಯಿತು. ವಿದ್ಯಾರ್ಥಿಗಳು ಹೆಣ ಕೊಯ್ದ ಕೈಗಳಿಂದಲೇ ನೇರವಾಗಿ ಹೆರಿಗೆಯ ಕೋಣೆಗೆ ಬರುತ್ತಿದ್ದರು. ಸೂಲಗಿತ್ತಿಯರಿಗೆ ಹೆಣ ಕೊಯ್ಯುವ ಪಾಠವಿರಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಪ್ರತಿಯೊಬ್ಬರೂ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಕೈ ತೊಳೆದೇ ಒಳಗೆ ಬರತಕ್ಕದ್ದೆಂದು ಅವನು ಕಟ್ಟು ಮಾಡಿದನು. ಏಪ್ರಿಲಿನಲ್ಲಿ ನೂರಕ್ಕೆ ಹದಿನೆಂಟರಷ್ಟಿದ್ದ ಸಾವು ಬೇಸಿಗೆಯ ತಿಂಗಳುಗಳಲ್ಲಿ ಎರಡರ ಆಸುಪಾಸಿಗೆ ಇಳಿಯಿತು.

ಇಷ್ಟಾದರೂ ಹಿರಿಯರು ಒಪ್ಪಲಿಲ್ಲ. ತಮ್ಮ ಕೈಗಳೇ ಕೊಂದವೆಂದು ಒಪ್ಪುವುದು ಯಾರಿಗೆ ತಾನೇ ಸುಲಭ? 1849ರಲ್ಲಿ ಅವನ ಉದ್ಯೋಗ ಮುಂದುವರಿಯಲಿಲ್ಲ. 1865ರಲ್ಲಿ ಹುಚ್ಚರ ಆಸ್ಪತ್ರೆಯೊಂದರಲ್ಲಿ ಅವನು ಕಣ್ಣು ಮುಚ್ಚಿದನು. ರಾತ್ರಿಪಾಳಿ ಬಿದ್ದ ನಮ್ಮ ಹುಡುಗಿಯನ್ನು ಅವನೊಡನೆ ಹೋಲಿಸುವುದು ಅತಿಯಾಯಿತೆಂದು ಕೆಲವರು ಹೇಳಬಹುದು. ಆದರೆ ಆಕೆ ಕೇಳಿದ್ದು ಅವನು ಕೇಳಿದ ಪ್ರಶ್ನೆಯನ್ನೇ, ಅದೂ ಉತ್ತರವು ಜಗತ್ತಿಗೆಲ್ಲ ತಿಳಿದು ಒಂದೂವರೆ ಶತಮಾನ ಕಳೆದ ಮೇಲೆ.

ನಮ್ಮ ಶಾಲೆಗಳಲ್ಲಿ ಪ್ರತಿವರ್ಷವೂ ದೀಪ ಬೆಳಗುವ ಸಮಾರಂಭವು ವೈಭವದಿಂದ ಜರುಗುತ್ತದೆ. ಹೊಸ ವಿದ್ಯಾರ್ಥಿನಿಯರು ಕೈಯಲ್ಲಿ ದೀಪ ಹಿಡಿದು ಫ್ಲಾರೆನ್ಸ್ ನೈಟಿಂಗೇಲರ ಹೆಸರಿನ ಪ್ರತಿಜ್ಞೆಯನ್ನು ಒಪ್ಪಿಸುತ್ತಾರೆ. ಆ ಪ್ರತಿಜ್ಞೆಯನ್ನು ಆ ಮಹನೀಯಳು ಬರೆದವಳಲ್ಲ. ಅದು 1893ರಲ್ಲಿ ಅಮೆರಿಕದ ಡೆಟ್ರಾಯಿಟಿನಲ್ಲಿ ರಚಿತವಾದದ್ದು. ಆಕೆ ತಾನಾಗಿ ಬರೆದದ್ದರಲ್ಲಿ ಚರಂಡಿ, ಕಿಟಕಿ, ಹಾಸಿಗೆ, ಸತ್ತವರ ಲೆಕ್ಕ, ದಾದಿಯು ದಿನದಲ್ಲಿ ಪದೇಪದೇ ಕೈ ತೊಳೆಯಬೇಕಾದ ಅಗತ್ಯ, ಇವೇ ಹೆಚ್ಚು. ದೀಪವನ್ನು ನಾವು ಉಳಿಸಿಕೊಂಡೆವು. ಸಾಬೂನಿಗೆ ಕೀಲಿ ಹಾಕಿದೆವು.

ದೋಷವನ್ನೆಲ್ಲ ದಾದಿಯರ ತಲೆಗೆ ಕಟ್ಟುವುದು ಅನ್ಯಾಯವೆಂಬುದನ್ನು ನಾವು ಬಲ್ಲೆವು. ಆ ವಾರ್ಡಿನಲ್ಲಿ ನಲವತ್ತು ಹಾಸಿಗೆಗಳು. ಹಗಲಿಗೆ ಇಬ್ಬರು ದಾದಿಯರು, ರಾತ್ರಿಗೆ ಒಬ್ಬರು. ಭಾರತೀಯ ಶುಶ್ರೂಷಾ ಪರಿಷತ್ತು ಹಾಕಿಕೊಟ್ಟ ಪ್ರಮಾಣದಂತೆ ಶಿಕ್ಷಣ ಕೊಡುವ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ಹಾಸಿಗೆಗೆ ಒಬ್ಬರು, ಎಂದರೆ ಪಾಳಿಯೊಂದಕ್ಕೆ ಒಂಬತ್ತು ಹಾಸಿಗೆಗೆ ಒಬ್ಬರು ಇರತಕ್ಕದ್ದು. ಕೈ ಶುದ್ಧಿಗೆ ಬೇಕಾದ ವೇಳೆಯನ್ನೇ ಲೆಕ್ಕ ಹಾಕಿ ನೋಡಿರಿ. ಸಾಬೂನು ನೀರಿನಿಂದಾದರೆ 40ರಿಂದ 60 ಸೆಕೆಂಡು, ಮದ್ಯಸಾರದ ದ್ರವದಿಂದಾದರೆ 20ರಿಂದ 30 ಸೆಕೆಂಡು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ರಾತ್ರಿ ಒಂಟಿಯಾದ ದಾದಿ ನಲವತ್ತು ರೋಗಿಗಳನ್ನು ತಲಾ ನಾಲ್ಕು ಬಾರಿ ಮುಟ್ಟಿ, ಒಂದೊಂದು ಬಾರಿಗೆ ಇಪ್ಪತ್ತು ಸೆಕೆಂಡು ಕೈ ಉಜ್ಜಿಕೊಂಡರೂ ಐವತ್ತಮೂರು ನಿಮಿಷಗಳಾಗುತ್ತವೆ. ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಎಂದರೆ ಅದರ ಇಮ್ಮಡಿ. ಆ ವೇಳೆಯನ್ನು ಅವರಿಗೆ ಯಾರೂ ಕೊಟ್ಟಿಲ್ಲ. ಕೊಟ್ಟಿರುವುದು ವಿದ್ಯಾರ್ಥಿನಿಯರನ್ನು. ಕಲಿಯಲು ಬಂದ ಹುಡುಗಿಯರು ಸಂಬಳವಿಲ್ಲದ ಆಳುಗಳಾಗಿ ಆ ಕೊರತೆಯನ್ನು ತುಂಬುತ್ತಾರೆ. ಶಾಲೆಗೆ ಶುಲ್ಕವೂ ಬರುತ್ತದೆ, ದವಾಖಾನೆಗೆ ಕೆಲಸವೂ ಆಗುತ್ತದೆ.

ಪರರ ಆಳಿಕೆಯಲ್ಲಿ ಇಂಥ ದುರವಸ್ಥೆಗೆ ಹೊಣೆಗಾರರನ್ನು ತೋರಿಸುವುದು ಸುಲಭವಾಗಿದ್ದಿತು. ಸರ್ ಜೋಸೆಫ್ ಭೋರ್ ಅವರ ಸಮಿತಿಯು 1946ರಲ್ಲಿ ವರದಿಯನ್ನೊಪ್ಪಿಸಿದಾಗ ಬ್ರಿಟಿಷ್ ಇಂಡಿಯಾದಲ್ಲಿ 43,000 ಜನರಿಗೆ ಒಬ್ಬಳು ದಾದಿ ಮಾತ್ರ ಇದ್ದಳು. ಸ್ವಾತಂತ್ರ್ಯ ಬಂದ ವರ್ಷವೇ, 1947ರಲ್ಲಿಯೇ, ಶುಶ್ರೂಷಾ ಪರಿಷತ್ತಿನ ಅಧಿನಿಯಮವಾಯಿತು. ಅದರ ಬದಲಿಗೆ 2023ರಲ್ಲಿ ಹೊಸ ಆಯೋಗದ ಅಧಿನಿಯಮವನ್ನು ಪಾರ್ಲಿಮೆಂಟು ಅಂಗೀಕರಿಸಿತು. ಇಂದು ನೋಂದಾಯಿತ ದಾದಿಯರು ಲಕ್ಷಗಟ್ಟಲೆ. ನಮ್ಮ ಕರ್ನಾಟಕದ ಶಾಲೆಗಳಿಗೆ ಕೇರಳದಿಂದಲೂ ಈಶಾನ್ಯದ ರಾಜ್ಯಗಳಿಂದಲೂ ಹುಡುಗಿಯರು ಬರುತ್ತಾರೆ. ಇಲ್ಲಿ ಕಲಿತವರು ಕೊಲ್ಲಿ ರಾಷ್ಟ್ರಗಳವರೆಗೂ ಹೋಗುತ್ತಾರೆ. ಸಂಖ್ಯೆಯಲ್ಲಿ ನಾವು ಹಿಂದುಳಿದಿದ್ದೇವೆಂಬ ನೆವ ಈಗ ಮೊದಲಿನಷ್ಟು ಸಲ್ಲದು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಪ್ರಕಟಿಸಿದ ವರದಿಯಂತೆ, ತೀವ್ರ ಚಿಕಿತ್ಸೆಯ ಆಸ್ಪತ್ರೆಗಳಲ್ಲಿ ಸೇರುವ ನೂರು ರೋಗಿಗಳಲ್ಲಿ ಸಿರಿವಂತ ದೇಶಗಳಲ್ಲಿ ಏಳು ಜನರಿಗೂ, ನಮ್ಮಂಥ ದೇಶಗಳಲ್ಲಿ ಹದಿನೈದು ಜನರಿಗೂ ಆಸ್ಪತ್ರೆಯಲ್ಲಿಯೇ ಹೊಸ ಸೋಂಕು ತಗುಲುತ್ತದೆ. ಗುಜರಾತಿನ ಮೋಡಾಸಾದಲ್ಲಿ 2009ರಲ್ಲಿ ಬಳಸಿದ ಪಿಚಕಾರಿಗಳನ್ನೇ ಮರಳಿ ಬಳಸಿದ್ದರಿಂದ ಹೆಪಟೈಟಿಸ್ ಬಿ ಕಾಮಾಲೆಯು ಹಬ್ಬಿ ಅನೇಕರು ಪ್ರಾಣ ಕಳೆದುಕೊಂಡದ್ದನ್ನು ದೇಶವು ಅಷ್ಟು ಬೇಗ ಮರೆತಿರಲಾರದು.

ನಾವಿದ್ದ ಎಂಟನೆಯ ದಿನ ತಪಾಸಣೆಯವರು ಬಂದರು. ಹಿಂದಿನ ರಾತ್ರಿಯೇ ವಾರ್ಡು ಮದುವೆಯ ಮನೆಯಂತಾಯಿತು. ಹೊಸ ಹೊದಿಕೆಗಳು ಬಂದವು. ಪ್ರತಿಯೊಂದು ನಲ್ಲಿಗೂ ಸಾಬೂನು, ಪ್ರತಿಯೊಂದು ಹಾಸಿಗೆಯ ಕಾಲಿಗೂ ಕೈ ಶುದ್ಧಿಯ ದ್ರವದ ಸೀಸೆ. ಬೆಳಿಗ್ಗೆ ನಾವು ಹಿಂದೆಂದೂ ಕಾಣದ ಐದಾರು ದಾದಿಯರು ಇಸ್ತ್ರಿ ಹಾಕಿದ ಉಡುಪಿನಲ್ಲಿ ನಿಂತಿದ್ದರು. ತಪಾಸಣೆಯವರು ದಾಖಲೆಗಳನ್ನು ನೋಡಿ, ಚಹ ಸ್ವೀಕರಿಸಿ, ತೃಪ್ತಿಯನ್ನು ವ್ಯಕ್ತಪಡಿಸಿ ತೆರಳಿದರು. ರೋಗಿಗಳೊಡನೆ ಒಂದು ಮಾತನ್ನಾದರೂ, ವಿದ್ಯಾರ್ಥಿನಿಯರೊಡನೆ ಏಕಾಂತದಲ್ಲಿ ಒಂದು ಮಾತನ್ನಾದರೂ ಆಡಲಿಲ್ಲ. ಸಂಜೆಯ ಹೊತ್ತಿಗೆ ಸೀಸೆಗಳು ಮರಳಿ ಉಗ್ರಾಣಕ್ಕೆ ಹೋದವು.

ಒಂಬತ್ತನೆಯ ದಿನ ಸಂಜೆ ಅದೇ ಹುಡುಗಿ ಪಟ್ಟಿಕೆಗಳನ್ನು ಹಿಡಿದು ನಮ್ಮ ಸಾಲಿಗೆ ಬಂದಳು. ಉಷ್ಣಮಾಪಕವು ಆಕೆಯ ಕಿಸೆಯಲ್ಲಿಯೇ ಇದ್ದಿತು. ಹಾಸಿಗೆಯಿಂದ ಹಾಸಿಗೆಗೆ ನಡೆಯುತ್ತ 98.4 ಎಂದು ಬರೆಯುತ್ತ ಬಂದಳು. ನಮ್ಮ ಅಣ್ಣನವರ ಬಳಿಗೆ ಬಂದಾಗ ನಮ್ಮ ಮುಖ ನೋಡಿ ನಿಂತಳು. ಬಳಿಕ ಉಷ್ಣಮಾಪಕವನ್ನು ತೆಗೆದು ಅವರ ಕಂಕುಳಲ್ಲಿಟ್ಟಳು. 101 ಇದ್ದಿತು. ನಾಲ್ಕು ದಿವಸಗಳಿಂದ ಬದಲಿಸದಿದ್ದ ಸಲೈನಿನ ಸೂಜಿಯ ಸುತ್ತ ಅವರ ಕೈ ಕೆಂಪಾಗಿ ಊದಿಕೊಂಡಿದ್ದಿತು. ಆಕೆ ಓಡಿಹೋಗಿ ವೈದ್ಯರನ್ನು ಕರೆತಂದಳು. ಮುಂದಿನ ಹಾಸಿಗೆಯವನ ಉಷ್ಣಮಾನವನ್ನು ಆಕೆ ಅಳೆದಳೋ ಇಲ್ಲವೋ ನಾವು ನೋಡಲಿಲ್ಲ.

ಈ ಒಂಬತ್ತು ದಿನವೂ ನಾವು ಏನು ಮಾಡಿದೆವೆಂದು ವಾಚಕರು ಕೇಳಬಹುದು. ಏನೂ ಮಾಡಲಿಲ್ಲ. ಪರರಿಗೆ ಬುದ್ಧಿ ಹೇಳುವ ಅಂಕಣವನ್ನು ಬರೆಯುವ ನಾವು, ಅಣ್ಣನವರು ಅವರ ಕೈಯಲ್ಲಿದ್ದಾರೆಂಬ ಅಂಜಿಕೆಯಿಂದ ಕೆಳಗೆ ಬಿದ್ದ ಇಕ್ಕಳವನ್ನು ನೋಡಿಯೂ ಬಾಯಿ ಮುಚ್ಚಿಕೊಂಡಿದ್ದೆವು. ಹತ್ತೊಂಬತ್ತು ವರ್ಷದ ಹುಡುಗಿಗಾದರೂ ಒಮ್ಮೆ ಕೇಳುವ ಧೈರ್ಯವಿದ್ದಿತು.

ಆದುದರಿಂದ ನಮ್ಮ ಬಿನ್ನಹವು ದಾದಿಯರಿಗಲ್ಲ, ಶಾಲೆಗಳಿಗೆ ಮಾನ್ಯತೆ ಕೊಡುವವರಿಗೆ. ದಾಖಲೆ ಪುಸ್ತಕದ ಸಹಿಯು ವಾರ್ಡಿನ ಮುಖ್ಯಸ್ಥರ ಮರ್ಜಿಯ ಮೇಲೆ ನಿಲ್ಲಬಾರದು. ಶಾಲೆಯ ಬೋಧಕಿಯೇ ವಾರ್ಡಿನಲ್ಲಿ ನಿಂತು ಕಲಿಸಿ ಸಹಿ ಮಾಡಬೇಕು. ಸೂಜಿ ಚುಚ್ಚಿಕೊಂಡ ವಿದ್ಯಾರ್ಥಿನಿಗೆ ಅಂದೇ ಪರೀಕ್ಷೆಯೂ ಔಷಧವೂ ದೊರೆಯಬೇಕು. ಮೂಲ ಸರ್ಟಿಫಿಕೇಟುಗಳನ್ನು ಒತ್ತೆಯಾಳಿನಂತೆ ಇರಿಸಿಕೊಳ್ಳುವ ಪದ್ಧತಿ ನಿಲ್ಲಬೇಕು. ತಪಾಸಣೆಯವರು ಹೇಳದೆ ಬರಬೇಕು, ಬಂದಾಗ ಮೊದಲು ಸಾಬೂನಿನ ಉಗ್ರಾಣದ ಕೀಲಿಯನ್ನು ಕೇಳಬೇಕು.

ಅಣ್ಣನವರು ಈಗ ಕೋಲೂರಿ ನಡೆಯುತ್ತಾರೆ. ದವಾಖಾನೆಯ ಮುಖ್ಯಾಧಿಕಾರಿಗಳಿಗೆ ನಾವು ಕಂಡದ್ದನ್ನೆಲ್ಲ ದಿನವಾರು ಬರೆದು ಕಳುಹಿಸಿದ್ದೇವೆ. ಹುಡುಗಿಯ ಹೆಸರನ್ನಾಗಲಿ ಆಕೆಯ ತಂಡವನ್ನಾಗಲಿ ಅದರಲ್ಲಿ ನಮೂದಿಸಿಲ್ಲ. ಆಕೆಯ ಕೊನೆಯ ವರ್ಷದ ಪರೀಕ್ಷೆ ಇನ್ನೂ ಮುಂದಿದೆ. ಪತ್ರ ತಲುಪಿದ್ದಕ್ಕೆ ಅಂಚೆಯ ರಸೀತಿ ಬಂದಿದೆ. ಉತ್ತರ ಬಂದಿಲ್ಲ.