ಹೊತ್ತು, ಹೊತ್ತಿಗೆ ಮತ್ತು ದೊಡ್ಡ ಗಡಿಯಾರ

ಮೈಸೂರಿನಲ್ಲಿ ಇನ್ನೂ ಬೆಳಕು ಹರಿಯುತ್ತಿದೆ. ದೇವರಾಜ ಮಾರುಕಟ್ಟೆಯ ಕಡೆಗೆ ಮಲ್ಲಿಗೆಯ ಮೂಟೆ ಹೊತ್ತವರು, ಚಿಗುರು ವೀಳ್ಯದೆಲೆಯ ಪಿಂಡಿ ಬಗಲಿಗೇರಿಸಿದವರು ಬಿರಬಿರನೆ ನಡೆದಿದ್ದಾರೆ. ನಗರ ಬಸ್ ನಿಲ್ದಾಣದಿಂದ ಮೊದಲ ಬಸ್ಸುಗಳ ಗುರುಗುಟ್ಟುವಿಕೆ. ಅರಮನೆಯ ಮೇಲಿನಿಂದ ಹಾರಿಬಂದ ಪಾರಿವಾಳದ ಹಿಂಡು ದೊಡ್ಡ ಗಡಿಯಾರ ಗೋಪುರದ ನೆತ್ತಿಗೆ ಒಂದು ಸುತ್ತು ಹಾಕಿ ಕಮಾನುಗಳ ಮೇಲೆ ಕೂರುತ್ತದೆ. ಹೂವಿನ ಮೂಟೆಯಾಕೆ ನಿಲ್ಲದೆಯೇ ಕತ್ತೆತ್ತಿ ನೋಡಿ ಹೆಜ್ಜೆ ಚುರುಕು ಮಾಡುತ್ತಾಳೆ. ಜೇಬಿನಲ್ಲಿ ಮೊಬೈಲ್ ಇರುವವರೂ ಇಲ್ಲಿ ಕತ್ತೆತ್ತುತ್ತಾರೆ.

ಮುಖಫಲಕದಲ್ಲಿರುವುದು ೧, ೨, ೩. ನಮ್ಮ ಕೈಗಡಿಯಾರಗಳಲ್ಲಿ ಇಲ್ಲದ, ಮಕ್ಕಳು ಒಂದನೇ ತರಗತಿಯಲ್ಲಿ ಕಲಿತು ಮರೆತುಬಿಡುವ ಕನ್ನಡದ ಅಂಕಿಗಳು. 75 ಅಡಿ ಎತ್ತರದ ಗೋಪುರದಿಂದ ಅವು ಊರಿಗೆಲ್ಲ ಹೊತ್ತು ಹೇಳುತ್ತವೆ.

ನಾನು ಸೇಡಂ ಸೀಮೆಯವನು. ನಮ್ಮ ಆದಿತ್ಯನಗರದಲ್ಲಿ ಹೊತ್ತು ತಿಳಿಯುವುದು ಸಿಮೆಂಟ್ ಕಾರ್ಖಾನೆಯ ಪಾಳಿ ಬದಲಾದಾಗ. ನಮ್ಮ ಹಿರಿಯರು ‘ಎರಡು ತಾಸಿನ ದಾರಿ’ ಎನ್ನುತ್ತಾರೆಯೇ ಹೊರತು ಎರಡು ಗಂಟೆ ಎನ್ನುವುದಿಲ್ಲ. ಅದಕ್ಕೂ ಹಿಂದಿನ ಅಳತೆ ಗಳಿಗೆಯದು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ಬಿಟ್ಟರೆ ಅದು ತುಂಬಿ ಮುಳುಗುವಷ್ಟು ಹೊತ್ತೇ ಒಂದು ಗಳಿಗೆ, 24 ನಿಮಿಷ. ಹಗಲು ರಾತ್ರಿ ಕೂಡಿದರೆ 60 ಗಳಿಗೆ. ಗಡಿಯಾರ ಎಂಬ ಮಾತು ಹುಟ್ಟಿದ್ದೇ ಆ ಗಳಿಗೆಯಿಂದ.

ಪಕ್ಕದ ಚಿತ್ತಾಪುರದ ಬಳಿ ನಾಗಾವಿ ಇದೆ. ಅಲ್ಲಿನ ಹಳೆಯ ವಿದ್ಯಾಕೇಂದ್ರಕ್ಕೆ ಗಳಿಗೆಯನ್ನು ನೆನಪಿಸುವ ಘಟಿಕಾಸ್ಥಾನವೆಂದೇ ಹೆಸರು. 1058ರ ಶಾಸನ ವೇದ ಓದುವ 200 ವಿದ್ಯಾರ್ಥಿಗಳ ಲೆಕ್ಕ ಕೊಡುತ್ತದೆ. ಹೊತ್ತಿಗೆಗಳನ್ನು ಕಾಯಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರು ಎನ್ನುತ್ತದೆ. ಇಂದು ಅಲ್ಲಿ ಅರವತ್ತು ಕಂಬದ ಗುಡಿ ನಿಂತಿದೆ, ಓದುವ ದನಿ ಇಲ್ಲ. ಆ ಮೌನವನ್ನು ಕಂಡವನಿಗೆ ಮೈಸೂರಿನ ಈ ಗೋಪುರ ಬರಿಯ ಗೋಪುರವಾಗಿ ಕಾಣುವುದಿಲ್ಲ.

ನಾಲ್ವಡಿ ಕೃಷ್ಣರಾಜ ಒಡೆಯರು ರಾಜ್ಯಾಡಳಿತ ವಹಿಸಿಕೊಂಡದ್ದು 1902ರಲ್ಲಿ. 1916ರಲ್ಲಿ ಅವರು ಮೈಸೂರು ವಿಶ್ವವಿದ್ಯಾನಿಲಯ ತೆರೆದರು. 1927ಕ್ಕೆ ಆಳ್ವಿಕೆಗೆ ಇಪ್ಪತ್ತೈದು ತುಂಬಿತು. ಆ ಬೆಳ್ಳಿಹಬ್ಬದ ನೆನಪಿಗೆ ಈ ಗಡಿಯಾರವನ್ನು ಕೊಟ್ಟವರು ಅರಮನೆಯ ನೌಕರರು. ಧಣಿಗೆ ಕೊಟ್ಟ ಕಾಣಿಕೆ ಅರಮನೆಯ ಗೋಡೆಯೊಳಗೆ ಸೇರದೆ ಬೀದಿಯ ನಡುವೆ ನಿಂತಿತು. ನನಗೆ ಈ ಗೋಪುರದ ಕತೆಯಲ್ಲಿ ಬಹಳ ಹಿಡಿಸಿದ್ದು ಇದೇ. ರಾಜನಿಗೆಂದು ಕಟ್ಟಿದ್ದು ಹಣ್ಣಿನ ಗಾಡಿಯವನಿಗೆ, ಪರೀಕ್ಷೆಗೆ ಓಡುವ ಹುಡುಗಿಗೆ, ಕೊನೆಯ ಬಸ್ಸು ಹಿಡಿಯಬೇಕಾದ ಹಳ್ಳಿಯವನಿಗೆ ದಕ್ಕಿತು.

ಮಾರುಕಟ್ಟೆಯ ದಕ್ಷಿಣದ ಕೊನೆಯಲ್ಲಿ ಚಿಕ್ಕ ಗಡಿಯಾರವಿದೆ. ಅದು ವೈಸ್‌ರಾಯ್ ಡಫರಿನ್ ಹೆಸರಿನದು. ಜನ ಅವನ ಹೆಸರನ್ನು ಬಿಟ್ಟು, ಅಣ್ಣ ತಮ್ಮಂದಿರನ್ನು ಕರೆಯುವ ಹಾಗೆ ದೊಡ್ಡ ಗಡಿಯಾರ, ಚಿಕ್ಕ ಗಡಿಯಾರ ಎಂದು ಕರೆದರು.

ಸಂಜೆಯ ಹೊತ್ತಿಗೆ ಗೋಪುರದ ಆಸುಪಾಸಿನಲ್ಲಿ ಕಾಲಿಡಲು ಜಾಗವಿಲ್ಲ. ರಂಗಾಚಾರ್ಲು ಪುರಭವನದ ಕಡೆಯಿಂದ ಒಂದು ಗುಂಪು, ಬಸ್ ನಿಲ್ದಾಣದಿಂದ ಇನ್ನೊಂದು. ಟಾಂಗಾ ಕುದುರೆಯ ಗೊರಸಿನ ಸದ್ದು. ‘ದೊಡ್ಡ ಗಡಿಯಾರದ ಹತ್ರ ನಿಂತಿದೀನಿ, ಬೇಗ ಬಾರೋ’ ಎಂದು ಯಾರೋ ಫೋನಿನಲ್ಲಿ ಕೂಗುತ್ತಾರೆ. ಭಾನುವಾರವಾದರೆ ಏಳು ಗಂಟೆಗೆ ಅರಮನೆಯ ದೀಪಗಳು ಒಮ್ಮೆಲೇ ಹೊತ್ತಿಕೊಂಡು, ಆ ಕಡೆಯ ಆಕಾಶ ಹೊಂಬಣ್ಣವಾಗುತ್ತದೆ.

ಇಷ್ಟೆಲ್ಲ ಇದ್ದೂ ನನಗೆ ಭಯವಿದೆ. ಇಲ್ಲಿಂದ ಕೂಗಳತೆಯಲ್ಲಿರುವ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ನೆಲಕ್ಕೆ ಬಿತ್ತು. ದೊಡ್ಡ ಗಡಿಯಾರದ ಮೈಯಲ್ಲೂ ಬಿರುಕು ಕಾಣಿಸಿಕೊಂಡಿತ್ತು. ಹಳೆಯ ಗಾರೆಗೆ ಮಳೆನೀರು ಇಳಿಯುವಾಗ ಸದ್ದು ಮಾಡುವುದಿಲ್ಲ. ಬೀಳುವಾಗ ಮಾತ್ರ ಊರಿಗೆಲ್ಲ ಕೇಳುತ್ತದೆ.

ಮೈಸೂರಿಗೆ ಹೋದವರು ಅರಮನೆಗೆ ಹೇಗೂ ಹೋಗುತ್ತೀರಿ. ಹೋಗುವ ಮೊದಲು ಮಕ್ಕಳನ್ನು ಈ ಗೋಪುರದ ಎದುರು ನಿಲ್ಲಿಸಿ, ಎಷ್ಟು ಗಂಟೆಯಾಯಿತೆಂದು ಅವರಿಂದಲೇ ಓದಿಸಿ.