ಪುಟಿಯುವ ಚೆಂಡು, ಹರಿಯುವ ಚೆಂಡು

ಚಪಾತಿ ಹಿಟ್ಟಿನ ಉಂಡೆಯನ್ನೂ ರಬ್ಬರಿನ ಉಂಡೆಯನ್ನೂ ಒಂದೇ ಎತ್ತರದಿಂದ ನೆಲಕ್ಕೆ ಬಿಟ್ಟರೆ ಮೊದಲನೆಯದು ಬಿದ್ದಲ್ಲೇ ಚಪ್ಪಟೆಯಾಗಿ ಕೂರುವುದಕ್ಕೂ ಎರಡನೆಯದು ಕೈಗೆ ಮರಳುವಷ್ಟು ಮೇಲೇಳುವುದಕ್ಕೂ ಕಾರಣ ಅವುಗಳ ಒಳಗಿನ ಅಣುಗಳ ಹೆಣಿಗೆಯಲ್ಲಿದೆ. ಈ ಹೆಣಿಗೆಯನ್ನು ಮನೆಯ ಊಟದ ಮೇಜಿನ ಮೇಲೆ, ಹತ್ತು ನಿಮಿಷಗಳೊಳಗೆ, ಮಕ್ಕಳ ಕಣ್ಣೆದುರೇ ಕಟ್ಟಿ ತೋರಿಸಬಹುದು. ಅದಕ್ಕೆ ಬೇಕಾಗುವುದು ಮರಗೆಲಸಕ್ಕೂ ಶಾಲೆಯ ಕರಕುಶಲಕ್ಕೂ ಬಳಸುವ ಬಿಳಿ ಅಂಟು, ಅಕ್ಕಸಾಲಿಗರು ಚಿನ್ನದ ಬೆಸುಗೆಗೆ ಬಳಸುವ ಬಿಳಿಗಾರ ಮತ್ತು ಅಡುಗೆಮನೆಯ ಕಾರ್ನ್‌ಫ್ಲೋರ್ ಎಂಬ ಮೂರು ಪದಾರ್ಥಗಳು ಮಾತ್ರ.

ಬಿಳಿಗಾರವೆಂದರೆ ಬೋರಾಕ್ಸ್, ಆಯುರ್ವೇದದ ಗ್ರಂಥಗಳಲ್ಲಿ ಟಂಕಣವೆಂದು ಕರೆಯಲಾಗುವ, ಬೋರಾನ್ ಧಾತುವನ್ನು ಒಳಗೊಂಡ ಲವಣ. ಬಿಸಿಯಾದ ಲೋಹದ ಮೇಲೆ ಕೂರುವ ಆಕ್ಸೈಡಿನ ಪೊರೆಯನ್ನು ಇದು ಕರಗಿಸಿಕೊಳ್ಳುವುದರಿಂದ ಬೆಸುಗೆ ಹರಿದು ಹಿಡಿಯಲು ಸಹಾಯವಾಗುತ್ತದೆ. ಬಿಳಿ ಅಂಟು ಪಾಲಿವಿನೈಲ್ ಅಸಿಟೇಟ್ ಎಂಬ ಪಾಲಿಮರಿನ ಸೂಕ್ಷ್ಮ ಕಣಗಳು ನೀರಿನಲ್ಲಿ ಹರಡಿ ನಿಂತ ದ್ರವ. ಪಾಲಿಮರ್ ಎಂದರೆ ಒಂದೇ ಬಗೆಯ ಸಣ್ಣ ಘಟಕಗಳು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಕೊಂಡಿಯಂತೆ ಕೂಡಿ ಆದ ಉದ್ದನೆಯ ಅಣುಸರಪಳಿ. ಆ ಕಣಗಳು ಒಂದಕ್ಕೊಂದು ಮೆತ್ತಿಕೊಳ್ಳದಂತೆ ಕಾಯಲು ಅಂಟಿನಲ್ಲಿ ಸಾಮಾನ್ಯವಾಗಿ ಪಾಲಿವಿನೈಲ್ ಆಲ್ಕೋಹಾಲ್ ಎಂಬ ಇನ್ನೊಂದು ಪಾಲಿಮರನ್ನೂ ಬೆರೆಸಿರುತ್ತಾರೆ, ಮತ್ತು ಮುಂದಿನ ಆಟವೆಲ್ಲ ನಡೆಯುವುದು ಮುಖ್ಯವಾಗಿ ಇದರಿಂದಲೇ. ಕಾರ್ನ್‌ಫ್ಲೋರ್ ಎಂದು ಅಂಗಡಿಗಳಲ್ಲಿ ಮಾರುವ ಬಿಳಿಯ ನುಣುಪು ಪುಡಿ ಮೆಕ್ಕೆಜೋಳದ ಪಿಷ್ಟ. ಹಳದಿ ಬಣ್ಣದ ಮೆಕ್ಕೆಜೋಳದ ಹಿಟ್ಟು ಈ ಕೆಲಸಕ್ಕೆ ಒದಗುವುದಿಲ್ಲ.

ಎರಡು ದೊಡ್ಡ ಚಮಚದಷ್ಟು ಬೆಚ್ಚಗಿನ ನೀರಿಗೆ ಅರ್ಧ ಚಹಾ ಚಮಚ ಬಿಳಿಗಾರದ ಪುಡಿಯನ್ನು ಹಾಕಿ ಕದಡಿ, ತಿಳಿಯನ್ನು ಬದಿಗಿಡಬೇಕು. ಬೇರೊಂದು ಬಟ್ಟಲಿನಲ್ಲಿ ಒಂದು ದೊಡ್ಡ ಚಮಚ ಅಂಟನ್ನು ಸುರಿದು, ಬೇಕಿದ್ದರೆ ಬಣ್ಣದ ಒಂದೆರಡು ಹನಿ ಸೇರಿಸಿ, ಅದರ ಮೇಲೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರನ್ನೂ ಅರ್ಧ ಚಹಾ ಚಮಚ ಬಿಳಿಗಾರದ ತಿಳಿಯನ್ನೂ ಹಾಕಿ, ಹತ್ತು ಹದಿನೈದು ಸೆಕೆಂಡು ಕಲಕದೆ ಬಿಟ್ಟು, ಆಮೇಲೆ ಕಲಕತೊಡಗಬೇಕು. ಚಮಚ ತಿರುಗದಷ್ಟು ಮುದ್ದೆ ಗಟ್ಟಿಯಾದಾಗ ಅದನ್ನು ಕೈಗೆತ್ತಿಕೊಂಡು ನಾದಿದರೆ, ಮೊದಲು ಬೆರಳಿಗೆಲ್ಲ ಅಂಟುವ ಮುದ್ದೆ ನಾದುತ್ತಿದ್ದಂತೆ ಅಂಟು ಬಿಟ್ಟು ನುಣುಪಾಗಿ, ಲಾಡು ಕಟ್ಟುವಂತೆ ಅಂಗೈಯಲ್ಲಿ ಉರುಳಿಸಿದಾಗ ನೆಲ್ಲಿಕಾಯಿ ಗಾತ್ರದ ಚೆಂಡಾಗುತ್ತದೆ. ಅಂಟುವುದು ನಿಲ್ಲುವ ಆ ಕ್ಷಣ ಮಕ್ಕಳ ಕೈಗೇ ಸಿಗಬೇಕಾದದ್ದು, ಏಕೆಂದರೆ ದ್ರವವೊಂದು ಬೇರೆಯೇ ವಸ್ತುವಾಗಿ ಬದಲಾಗುವುದನ್ನು ಬೆರಳುಗಳಿಂದ ತಿಳಿಯುವ ಅವಕಾಶ ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ.

ಬಿಳಿಗಾರದ ವಿಷಯದಲ್ಲಿ ಎಚ್ಚರ ಅತ್ಯಗತ್ಯ. ಹೊಟ್ಟೆಗೆ ಹೋದರೆ ಇದು ವಿಷಕಾರಿ, ಮತ್ತು ಐರೋಪ್ಯ ಒಕ್ಕೂಟ ಇದನ್ನು ಸಂತಾನಶಕ್ತಿಗೆ ಹಾನಿ ಮಾಡಬಲ್ಲ ರಾಸಾಯನಿಕಗಳ ವರ್ಗದಲ್ಲಿ ಸೇರಿಸಿದೆ. ಆದ್ದರಿಂದ ಪುಡಿಯನ್ನು ಅಳೆದು ಕರಗಿಸುವ ಕೆಲಸ ದೊಡ್ಡವರದೇ ಆಗಿರಬೇಕು. ಕೈಯಲ್ಲಿ ಗಾಯವಿರುವವರು, ವಸ್ತುಗಳನ್ನು ಬಾಯಿಗಿಡುವ ವಯಸ್ಸಿನ ಮಕ್ಕಳು ಇದರಿಂದ ದೂರವಿರಬೇಕು. ಬಳಸಿದ ಬಟ್ಟಲು ಚಮಚಗಳು ಮತ್ತೆ ಅಡುಗೆಗೆ ಮರಳಬಾರದು. ಆಟ ಮುಗಿದ ಮೇಲೆ ಎಲ್ಲರೂ ಸೋಪು ಹಚ್ಚಿ ಕೈ ತೊಳೆಯಬೇಕು.

ನಾದುವಾಗ ಒಳಗೆ ನಡೆಯುವುದನ್ನು ನೂಲಿನ ಹೋಲಿಕೆಯಿಂದ ತಿಳಿಯಬಹುದು. ಅಂಟಿನಲ್ಲಿ ಪಾಲಿಮರ್ ಸರಪಳಿಗಳು ಬಿಡಿ ನೂಲುಗಳಂತೆ ಒಂದರ ಮೇಲೊಂದು ಜಾರುತ್ತವೆ. ನೀರಿನಲ್ಲಿ ಕರಗಿದ ಬಿಳಿಗಾರ ಬೋರೇಟ್ ಎಂಬ ವಿದ್ಯುದಂಶವುಳ್ಳ ಕಣಗಳನ್ನು ಬಿಟ್ಟುಕೊಡುತ್ತದೆ, ಮತ್ತು ಪ್ರತಿಯೊಂದು ಬೋರೇಟ್ ಕಣ ಅಕ್ಕಪಕ್ಕದ ಎರಡು ಸರಪಳಿಗಳನ್ನು ಹಿಡಿದು ಅಡ್ಡಗಂಟು ಹಾಕುತ್ತದೆ. ನೂಲಿನ ರಾಶಿ ಹೀಗೆ ಬಲೆಯಾಗುತ್ತದೆ, ಪಿಷ್ಟದ ಕಣಗಳು ಬಲೆಯ ಕಣ್ಣುಗಳಲ್ಲಿ ಸೇರಿ ಅದಕ್ಕೆ ಬಿಗಿ ಕೊಡುತ್ತವೆ. ಪಿಷ್ಟವಿಲ್ಲದೆ ಇದನ್ನೇ ಮಾಡಿದರೆ ಮಕ್ಕಳು ಸ್ಲೈಮ್ ಎಂದು ಕರೆಯುವ ಲೋಳೆಯಷ್ಟೇ ದೊರೆಯುತ್ತದೆ. ಚೆಂಡು ನೆಲಕ್ಕೆ ಅಪ್ಪಳಿಸಿದಾಗ ಸುರುಳಿಯಾಗಿದ್ದ ಸರಪಳಿಗಳು ಅರೆಕ್ಷಣ ಹಿಗ್ಗುತ್ತವೆ, ಗಂಟುಗಳು ಅವನ್ನು ಜಾರಗೊಡುವುದಿಲ್ಲವಾದ್ದರಿಂದ ಅವು ಮೊದಲಿನ ಸುರುಳಿಗೆ ಮರಳುತ್ತ ನೆಲವನ್ನು ಒತ್ತಿ ಚೆಂಡನ್ನು ಮೇಲಕ್ಕೆ ತಳ್ಳುತ್ತವೆ.

ಸರಪಳಿಗಳಿಗೆ ಗಂಟು ಹಾಕುವ ಈ ವಿದ್ಯೆಯನ್ನು ಮನುಷ್ಯರು ರಸಾಯನಶಾಸ್ತ್ರವೆಂಬ ಹೆಸರು ಹುಟ್ಟುವ ಮೊದಲೇ ಕರಗತ ಮಾಡಿಕೊಂಡಿದ್ದರು. ಮೆಕ್ಸಿಕೋದ ವೆರಾಕ್ರೂಜ್ ಪ್ರಾಂತದ ಎಲ್ ಮನಾತೀ ಎಂಬ ಜೌಗು ನೆಲದಲ್ಲಿ ಕ್ರಿಸ್ತಪೂರ್ವ 1600ರ ಸುಮಾರಿನ ರಬ್ಬರ್ ಚೆಂಡುಗಳು ದೊರೆತಿವೆ. ಆ ಸೀಮೆಯ ಜನರು ಕಾಸ್ಟಿಲಾ ಎಂಬ ಮರದ ಹಾಲಿಗೆ ಇರುಳಲ್ಲಿ ಅರಳುವ ಬಿಳಿ ಹೂವಿನ ಒಂದು ಬಳ್ಳಿಯ ರಸವನ್ನು ಬೆರೆಸುತ್ತಿದ್ದರು. ಈ ಬೆರಕೆಯಿಂದ ರಬ್ಬರಿಗೆ ಪುಟಿತ ಹೇಗೆ ಹೆಚ್ಚುತ್ತದೆಂಬುದನ್ನು ಸಂಶೋಧಕಿ ಡೊರೊತಿ ಹೋಸ್ಲರ್ ಮತ್ತು ಅವರ ಸಹೋದ್ಯೋಗಿಗಳು 1999ರಲ್ಲಿ ಸೈನ್ಸ್ ಪತ್ರಿಕೆಯ ಪ್ರಬಂಧದಲ್ಲಿ ವಿವರಿಸಿದರು. ಎಲ್ ಮನಾತೀಯೊಡನೆ ನಂಟುಳ್ಳ ಪ್ರಾಚೀನ ಸಂಸ್ಕೃತಿಗೆ ಓಲ್ಮೆಕ್ ಎಂಬ ಹೆಸರು ಬಂದದ್ದು ನಾವಾತ್ಲ್ ಭಾಷೆಯಿಂದ, ಅದರ ಅರ್ಥ ರಬ್ಬರ್ ನಾಡಿನವರು ಎಂದು. ಬೇಸಗೆಯಲ್ಲಿ ಜಿಗುಟಾಗಿ ಚಳಿಗಾಲದಲ್ಲಿ ಪೆಡಸಾಗುತ್ತಿದ್ದ ಕಚ್ಚಾ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸುವ ವಿಧಾನವನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ. ಕರ್ನಾಟಕದ ಹಳ್ಳಿಗಳಲ್ಲಿ ಮಕ್ಕಳು ಹಳೆಯ ಸೈಕಲ್ ಟ್ಯೂಬನ್ನು ಬಳೆಗಳಂತೆ ಕತ್ತರಿಸಿ, ಒಂದರ ಮೇಲೊಂದು ತೊಡಿಸಿ ಮಾಡಿಕೊಳ್ಳುವ ಚೆಂಡಿನಲ್ಲಿರುವುದೂ ಗಂಧಕದ ಗಂಟು ಬಿದ್ದ ರಬ್ಬರೇ.

ಟ್ಯೂಬಿನ ಆ ಚೆಂಡು ವರ್ಷಗಟ್ಟಲೆ ಚೆಂಡಾಗಿಯೇ ಉಳಿಯುತ್ತದೆ, ಆದರೆ ಬಿಳಿಗಾರದ ಚೆಂಡನ್ನು ರಾತ್ರಿ ತಟ್ಟೆಯಲ್ಲಿಟ್ಟು ಮಲಗಿದರೆ ಬೆಳಿಗ್ಗೆ ಅದು ದೋಸೆಯಂತಲ್ಲದಿದ್ದರೂ ಇಡ್ಲಿಯಂತೆ ಚಪ್ಪಟೆಯಾಗಿರುತ್ತದೆ. ಇದನ್ನು ಮಾಡುವ ವಿಧಾನ ಹೇಳಿಕೊಡುವವರು ಸಾಮಾನ್ಯವಾಗಿ ಈ ಸಂಗತಿಯನ್ನು ದೋಷವೆಂದು ಬಗೆದು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಇಡೀ ಪ್ರಯೋಗದಲ್ಲಿ ಇದಕ್ಕಿಂತ ಬೆಲೆಯುಳ್ಳ ಭಾಗ ಇನ್ನೊಂದಿಲ್ಲ. ಗಂಧಕ ಹಾಕುವ ಗಂಟು ಶಾಶ್ವತವಾದದ್ದು. ಬೋರೇಟ್ ಹಾಕುವ ಗಂಟು ತಾನಾಗಿ ಬಿಚ್ಚಿಕೊಂಡು ಮತ್ತೆ ಪಕ್ಕದಲ್ಲೆಲ್ಲೋ ಕಟ್ಟಿಕೊಳ್ಳುತ್ತಲೇ ಇರುತ್ತದೆ. ಚೆಂಡು ನೆಲಕ್ಕೆ ತಾಗಿ ಏಳುವುದು ಸೆಕೆಂಡಿನ ಅತಿ ಸಣ್ಣ ಪಾಲಿನಲ್ಲಿ ಮುಗಿಯುವುದರಿಂದ ಅಷ್ಟರೊಳಗೆ ಗಂಟುಗಳಿಗೆ ಬಿಚ್ಚಿಕೊಳ್ಳುವ ವ್ಯವಧಾನವಿರುವುದಿಲ್ಲ, ಹಾಗಾಗಿ ಅದು ಘನವಸ್ತುವಿನಂತೆ ಪುಟಿಯುತ್ತದೆ. ರಾತ್ರಿಯ ಎಂಟು ಗಂಟೆಗಳಲ್ಲಾದರೋ ಗಂಟುಗಳು ಅಸಂಖ್ಯ ಸಲ ಬಿಚ್ಚಿ ಕಟ್ಟಿಕೊಳ್ಳುತ್ತ, ಚೆಂಡಿನ ತೂಕಕ್ಕೆ ಮಣಿಯುತ್ತ, ಅದು ದ್ರವದಂತೆ ಹರಿಯುತ್ತದೆ. ಒಂದೇ ವಸ್ತು ಘನವೋ ದ್ರವವೋ ಎಂಬ ಪ್ರಶ್ನೆಗೆ ಎಷ್ಟು ಹೊತ್ತು ನೋಡಿದಿರಿ ಎಂದು ಮರುಪ್ರಶ್ನೆ ಕೇಳಬೇಕಾಗುವ ಇಂಥ ಪದಾರ್ಥಗಳನ್ನು ವಿಜ್ಞಾನಿಗಳು ಸ್ನಿಗ್ಧಸ್ಥಿತಿಸ್ಥಾಪಕ ಪದಾರ್ಥಗಳೆನ್ನುತ್ತಾರೆ, ಅಂದರೆ ಜೇನಿನ ಹರಿವೂ ರಬ್ಬರಿನ ಮರಳುವಿಕೆಯೂ ಕೂಡಿದಂಥವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಗ್ನೇಯ ಏಷ್ಯಾದ ರಬ್ಬರ್ ತೋಟಗಳು ಜಪಾನಿನ ವಶವಾಗಿ, ಅಮೆರಿಕದಲ್ಲಿ ಕೃತಕ ರಬ್ಬರಿನ ಹುಡುಕಾಟ ನಡೆದಿದ್ದಾಗ ಜೇಮ್ಸ್ ರೈಟ್ ಎಂಬ ಎಂಜಿನಿಯರ್ ಸಿಲಿಕೋನ್ ಎಣ್ಣೆಗೆ ಬೋರಿಕ್ ಆಮ್ಲ ಬೆರೆಸಿ ಪಡೆದದ್ದೂ ಇಂಥ ಪದಾರ್ಥವನ್ನೇ. ಟೈರಿಗೆ ಅದು ಬರಲಿಲ್ಲ, ಆದರೆ 1950ರಿಂದ ಸಿಲಿ ಪುಟ್ಟಿ ಎಂಬ ಹೆಸರಿನ ಆಟಿಕೆಯಾಗಿ ಲೋಕಪ್ರಸಿದ್ಧವಾಯಿತು. ಚಪ್ಪಟೆಯಾದ ಚೆಂಡನ್ನು ಮಕ್ಕಳೇ ಎತ್ತಿ ಮತ್ತೆ ಉರುಳಿಸಿದರೆ ಅದು ಮರಳಿ ಗುಂಡಗಾಗಿ ಪುಟಿಯುತ್ತದೆ, ಟ್ಯೂಬಿನ ರಬ್ಬರಿನಿಂದ ಇದು ಸಾಧ್ಯವಿಲ್ಲ.

ಪುಟಿತವನ್ನು ಅಳೆಯುವುದೂ ಕಷ್ಟವಲ್ಲ. ಗೋಡೆಗೆ ಅಳತೆಪಟ್ಟಿ ಅಂಟಿಸಿ 100 ಸೆಂಟಿಮೀಟರ್ ಎತ್ತರದಿಂದ ಚೆಂಡನ್ನು ಎಸೆಯದೆ ಬಿಟ್ಟು, ಅದು ಏಳುವ ಎತ್ತರವನ್ನು ಕಣ್ಣಿನ ಮಟ್ಟದಲ್ಲಿ ನೋಡಿ ಬರೆದಿಟ್ಟುಕೊಳ್ಳಬೇಕು. ಏಳುವ ಎತ್ತರವನ್ನು ಬಿಟ್ಟ ಎತ್ತರದಿಂದ ಭಾಗಿಸಿ ವರ್ಗಮೂಲ ತೆಗೆದರೆ ದೊರೆಯುವ ಸಂಖ್ಯೆಗೆ ಪ್ರತ್ಯಾವಸ್ಥಾನ ಗುಣಾಂಕವೆಂದು ಹೆಸರು. 64 ಸೆಂಟಿಮೀಟರ್ ಎದ್ದ ಚೆಂಡಿನ ಗುಣಾಂಕ 0.8, ಉಳಿದ 36 ಸೆಂಟಿಮೀಟರಿನ ಶಕ್ತಿ ಬಹುಪಾಲು ಶಾಖವಾಗಿ, ಸ್ವಲ್ಪ ಸದ್ದಾಗಿ ಚೆದುರಿರುತ್ತದೆ. ಅಂತರರಾಷ್ಟ್ರೀಯ ಟೆನಿಸ್ ನಿಯಮದಂತೆ 254 ಸೆಂಟಿಮೀಟರ್ ಎತ್ತರದಿಂದ ಬಿಟ್ಟ ಸಾಮಾನ್ಯ ಟೆನಿಸ್ ಚೆಂಡು 135ರಿಂದ 147 ಸೆಂಟಿಮೀಟರ್ ಏಳಬೇಕು. ಪಿಷ್ಟದ ಪ್ರಮಾಣವನ್ನು ಮುಕ್ಕಾಲು ಚಮಚ, ಒಂದು, ಒಂದೂಕಾಲು ಎಂದು ಬದಲಿಸಿ ಮೂರು ಚೆಂಡು ಮಾಡಿ, ಪ್ರತಿಯೊಂದನ್ನೂ ಐದೈದು ಸಲ ಬಿಟ್ಟು ಸರಾಸರಿ ತೆಗೆದರೆ ಮಕ್ಕಳ ವಹಿಯಲ್ಲಿ ಅವರದೇ ಕೋಷ್ಟಕವೊಂದು ಬೆಳೆಯುತ್ತದೆ. ಬೇರೆಲ್ಲವನ್ನೂ ಹಾಗೆಯೇ ಇಟ್ಟು ಒಂದನ್ನೇ ಬದಲಿಸಬೇಕೆಂಬ ಶಿಸ್ತು ಅದರೊಡನೆ ಬರುತ್ತದೆ.

ಗಾಳಿಯಾಡದ ಡಬ್ಬಿಯಲ್ಲಿ ಇಟ್ಟು ದಿನವೂ ಉರುಳಿಸುತ್ತಿದ್ದರೆ ಈ ಚೆಂಡು ಕೆಲವು ದಿನ ಆಟಕ್ಕೆ ಬರುತ್ತದೆ. ಒಳಗಿನ ನೀರು ಆರಿದಂತೆ ಗಂಟುಗಳು ಬಿಚ್ಚಿ ಕಟ್ಟಿಕೊಳ್ಳುವುದು ನಿಧಾನವಾಗಿ, ಮೈ ಗಡಸಾಗಿ, ಕೊನೆಗೆ ಬಿರುಕು ಬಿಡುತ್ತದೆ; ಆಗ ಅದನ್ನು ಬಚ್ಚಲಿಗೆ ಹಾಕದೆ ಒಣಕಸಕ್ಕೆ ಹಾಕಿ, ಮಕ್ಕಳು ಹೊಸದಕ್ಕೆ ಅಂಟು ಅಳೆಯಬಹುದು.